ಹೆಸರು ಹೇಳದ ಅಕ್ಕ

(ತಮ್ಮ ಕೊಪ್ಪದ ಕಡೆಯ ಒಂದು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರದ ಉಪನ್ಯಾಸಕ, ಜೊತೆಗೆ ಒಂದಿಷ್ಟು ಅಡಿಕೆ ತೋಟ. ಅಕ್ಕ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆಯಾಗಿದ್ದು ನಿವೃತ್ತಿಯಾದವಳು. ರಾತ್ರಿ ಊಟದ ಮೇಲೆ ಫೋನಿನಲ್ಲಿ.)

ತಮ್ಮ: ಇಸಿಜಿ ಸರಿ ಇದೆ, ಎಕೋ ಸರಿ ಇದೆ, ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡಿದ್ರು, ಅದೂ ಸರಿ ಇದೆ. ಶಿವಮೊಗ್ಗದ ಹಾರ್ಟಿನ ಡಾಕ್ಟ್ರು ಫೈಲು ಮುಚ್ಚಿ, ‘ಮೇಷ್ಟ್ರೇ, ಟೆನ್ಷನ್ ಬಿಡಿ’ ಅಂದ್ರು. ಬಿಡೋದು ಹೇಗೆ ಅಂತ ಗೊತ್ತಿದ್ದಿದ್ರೆ ಅಷ್ಟು ದೂರ ಯಾಕೆ ಹೋಗ್ತಿದ್ದೆ?

ಅಕ್ಕ: ಥೈರಾಯ್ಡ್ ನೋಡಿದ್ರಾ?

ತಮ್ಮ: ನೋಡಿದ್ರು, ನಾರ್ಮಲ್. ಒಂದು ಮಾತ್ರೆ ಬರೆದುಕೊಟ್ಟಿದ್ದಾರೆ, ಆಲ್ಪ್ರಜೋಲಾಂ. ಅರ್ಧ ತಗೊಂಡ್ರೆ ನಿದ್ದೆ ಬರುತ್ತೆ.

ಅಕ್ಕ: ಎಷ್ಟು ದಿನಕ್ಕೆ ಬರೆದಿದ್ದಾರೆ?

ತಮ್ಮ: ಹತ್ತು ದಿನಕ್ಕೆ. ಆದ್ರೆ ಮೆಡಿಕಲ್ ಶಾಪಿನವನು ನನ್ನ ಹಳೇ ವಿದ್ಯಾರ್ಥಿ, ಕೇಳಿದಾಗೆಲ್ಲ ಕೊಡ್ತಾನೆ.

ಅಕ್ಕ: ಒಳ್ಳೇ ಗುರುದಕ್ಷಿಣೆ. ಆ ಮಾತ್ರೆ ಬೇಗ ಅಭ್ಯಾಸ ಆಗಿಬಿಡುತ್ತೆ ಕಣೋ. ಹಾಗಂತ ನನ್ನ ಮಾತು ಕೇಳಿ ನಾಳೆಯಿಂದ ದಿಢೀರ್ ಅಂತ ನಿಲ್ಲಿಸಲೂ ಬೇಡ. ನಿಲ್ಲಿಸೋದಕ್ಕೂ ಒಂದು ಕ್ರಮ ಇದೆ, ಅದನ್ನ ಮನೋವೈದ್ಯರೇ ಹೇಳಬೇಕು. ಅದಿರಲಿ, ನಿನಗೆ ಆಗೋದೇನು?

ತಮ್ಮ: ಸಾಯಂಕಾಲ ಕಾರು ಓಡಿಸ್ತಾ ಇರ್ತೀನಿ. ಇದ್ದಕ್ಕಿದ್ದ ಹಾಗೆ ಎದೆಬಡಿತ ಕಿವಿಗೆ ಕೇಳೋಕೆ ಶುರುವಾಗುತ್ತೆ. ಕೈ ಜುಮುಗುಡುತ್ತೆ, ಉಸಿರು ಸಾಲಲ್ಲ, ಇವತ್ತು ಮುಗೀತು ಅನ್ನಿಸುತ್ತೆ. ಗಾಡಿ ಪಕ್ಕಕ್ಕೆ ಹಾಕಿ ಕೂರ್ತೀನಿ. ಹತ್ತು ಹದಿನೈದು ನಿಮಿಷ, ಆಮೇಲೆ ಏನೂ ಇಲ್ಲ. ಈಗಂತೂ ಎಲ್ಲಿ ಬಂದುಬಿಡುತ್ತೋ ಅಂತ ಕಾರು ತೆಗೆಯೋದೇ ಕಡಿಮೆ ಮಾಡಿದ್ದೀನಿ. ಅದಕ್ಕೇ ನಿನಗೆ ಫೋನ್ ಮಾಡಿದ್ದು. ಆನ್‌ಲೈನ್‌ನಲ್ಲಿ ಮಾತಾಡೋ ಥೆರಪಿಸ್ಟ್‌ಗಳು ಇರ್ತಾರಂತಲ್ಲ, ನಿನಗೆ ಗೊತ್ತಿರೋರ ಒಂದು ಹೆಸರು ಹೇಳು ಸಾಕು.

ಅಕ್ಕ: ಹೆಸರು ಹೇಳಲ್ಲ.

ತಮ್ಮ: ಏನಕ್ಕಾ ಇದು!

ಅಕ್ಕ: ನಾನು ಹೇಳೋ ಹೆಸರು ನನ್ನ ಜೊತೆ ಕೆಲಸ ಮಾಡಿದವರದ್ದೇ ಆಗಿರುತ್ತೆ, ಇಲ್ಲಾ ನನ್ನ ಕೈಕೆಳಗೆ ಕಲಿತವರದ್ದು. ನೀನು ಅವರ ಮುಂದೆ ಕೂತು ಏನೋ ಹೇಳೋಕೆ ಬಾಯಿ ತೆಗೀತೀಯ, ‘ಇದು ಅಕ್ಕನ ಕಿವಿಗೆ ಬಿದ್ರೆ?’ ಅನ್ನಿಸುತ್ತೆ, ನುಂಗಿಕೊಳ್ತೀಯ. ಅವರು ನನಗೆ ಒಂದಕ್ಷರ ಹೇಳಲ್ಲ, ಅದು ಬೇರೆ ವಿಷಯ. ನೀನು ನುಂಗಿಕೊಳ್ತೀಯ, ತೊಂದರೆ ಇರೋದು ಅಲ್ಲಿ. ಅಪ್ಪನ ವಿಷಯ ಬರುತ್ತೆ, ಅಮ್ಮನ ವಿಷಯ ಬರುತ್ತೆ, ನನ್ನ ಮೇಲಿನ ಸಿಟ್ಟೂ ಬರುತ್ತೆ.

ತಮ್ಮ: ನಿನ್ನ ಮೇಲೆ ನನಗೆಂಥ ಸಿಟ್ಟು?

ಅಕ್ಕ: ಇಲ್ವಾ?

ತಮ್ಮ: ತಡಿ, ಇಲ್ಲಿ ಕರೆಂಟು ಹೋಯ್ತು. ಯುಪಿಎಸ್ ಹಾಕಿ ಬರ್ತೀನಿ… ಹಾಂ, ಹೇಳು. ಹೆಸರು ಹೇಳಲ್ಲ ಅಂದ್ರೆ ನಾನು ಹುಡುಕೋದು ಹೇಗೆ? ಒಂದು ಆಪ್ ಹಾಕಿಕೊಂಡು ನೋಡಿದೆ. ಮುಖಗಳ ಸಾಲು, ಎಲ್ಲರೂ ನಗ್ತಾ ಇದ್ದಾರೆ. ಎಲ್ಲರಿಗೂ 4.8, 4.9 ಸ್ಟಾರು. ನಮ್ಮ ಕಾಲೇಜಿನಲ್ಲಿ ಈ ಥರ ಎಲ್ಲರೂ ಡಿಸ್ಟಿಂಕ್ಷನ್ ಬಂದ್ರೆ ಮರು ಮೌಲ್ಯಮಾಪನಕ್ಕೆ ಕಳಿಸ್ತಾರೆ.

ಅಕ್ಕ: ಆ ಸ್ಟಾರುಗಳನ್ನ ಬಿಟ್ಟುಬಿಡು. ಚಿಕಿತ್ಸೆ ನಡೀತಾ ಇರೋ ವ್ಯಕ್ತಿಯಿಂದ ಹೊಗಳಿಕೆ ಕೇಳಿ ಬರೆಸಿಕೊಳ್ಳಬಾರದು ಅಂತ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ನೀತಿಸಂಹಿತೆಯಲ್ಲೇ ಇದೆ. ಕಾರಣ ಸುಲಭ: ಅವನು ಇಲ್ಲ ಅನ್ನೋ ಸ್ಥಿತಿಯಲ್ಲಿ ಇರಲ್ಲ. ಅಲ್ಲದೆ ಮೊದಲ ದಿನ ಹಾಯಾಗಿ ಮಾತಾಡಿಸಿದವರಿಗೆ ಐದು ಸ್ಟಾರು ಬೀಳುತ್ತೆ, ಮೂರನೇ ದಿನ ನೋವಾಗೋ ಪ್ರಶ್ನೆ ಕೇಳಿದವರಿಗೆ ಎರಡು. ಎರಡನೆಯವರೇ ಒಳ್ಳೆಯವರಾಗಿರಬಹುದು.

ತಮ್ಮ: ಇದು ನಮ್ಮ ಸಬ್ಜೆಕ್ಟಿಗೇ ಬಂತು. ಕೆನೆತ್ ಆರೋ 1963ರಲ್ಲಿ ವೈದ್ಯಕೀಯದ ಅರ್ಥಶಾಸ್ತ್ರದ ಬಗ್ಗೆ ಒಂದು ಲೇಖನ ಬರೆದಿದ್ದ. ಡಾಕ್ಟರಿಗೆ ಗೊತ್ತಿರೋದು ರೋಗಿಗೆ ಗೊತ್ತಿರಲ್ಲ, ಕೊಳ್ಳೋಕೆ ಮುಂಚೆ ಮಾಲು ಪರೀಕ್ಷೆ ಮಾಡೋ ಹಾಗೂ ಇಲ್ಲ. ಹಾಗಾಗಿ ಈ ಪೇಟೆ ಉಳಿದ ಪೇಟೆಗಳ ಥರ ನಡೆಯಲ್ಲ. ಲೈಸೆನ್ಸು, ವೃತ್ತಿಯ ಕಟ್ಟುಪಾಡು ಇವೆಲ್ಲ ಆ ಕೊರತೆ ತುಂಬೋಕೆ ಹುಟ್ಟಿಕೊಂಡವು ಅಂತ.

ಅಕ್ಕ: ನಿಮ್ಮ ಆರೋ ಸರಿಯಾಗೇ ಹೇಳಿದ್ದಾನೆ. ಈಗ ನಮ್ಮ ಕಡೆಯ ಕಥೆ ಕೇಳು. ಇಲ್ಲಿ ಆ ಲೈಸೆನ್ಸು ಅರ್ಧಕ್ಕೇ ನಿಂತಿದೆ. ಮನೋವೈದ್ಯರು ಅಂದ್ರೆ ಎಂಬಿಬಿಎಸ್ ಆದ ಮೇಲೆ ಎಂಡಿಯೋ ಡಿಎನ್‌ಬಿಯೋ ಡಿಪಿಎಂ ಡಿಪ್ಲೊಮಾನೋ ಮಾಡಿದವರು. ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತೆ, ಮಾತ್ರೆ ಬರೆಯೋ ಅಧಿಕಾರ ಇವರಿಗೆ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದ್ರೆ ಸಾಮಾನ್ಯವಾಗಿ ಎಂ.ಎ. ಅಥವಾ ಎಂ.ಎಸ್ಸಿ. ಮುಗಿಸಿ, ಆಸ್ಪತ್ರೆಯಲ್ಲಿ ಎರಡು ವರ್ಷ ರೋಗಿಗಳ ಜೊತೆ ಕಲಿಯೋ ಎಂ.ಫಿಲ್. ಮಾಡಿ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದ್ರೆ ಆರ್‌ಸಿಐನಲ್ಲಿ, ಹೆಸರು ನೋಂದಾಯಿಸಿದವರು. 1992ರ ಕಾಯ್ದೆಯ ಪ್ರಕಾರ ಬಂದ ಪರಿಷತ್ತು ಅದು. ಅವರ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಬಹುದು. ಇವರು ಮಾತ್ರೆ ಬರೆಯೋ ಹಾಗಿಲ್ಲ. ಇನ್ನು ಕೌನ್ಸೆಲರ್, ಥೆರಪಿಸ್ಟ್, ಲೈಫ್ ಕೋಚ್ ಅಂತ ಬೋರ್ಡು ಹಾಕಿಕೊಳ್ಳೋಕೆ ಇಷ್ಟು ದಿನ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಎರಡು ವರ್ಷ ಎಂ.ಎಸ್ಸಿ. ಓದಿದವರೂ ಕೌನ್ಸೆಲರೇ, ಎರಡು ಭಾನುವಾರ ಜೂಮ್‌ನಲ್ಲಿ ಕೂತು ಸರ್ಟಿಫಿಕೇಟು ತಗೊಂಡವರೂ ಕೌನ್ಸೆಲರೇ. 2021ರಲ್ಲಿ ಇಂಥ ವೃತ್ತಿಗಳಿಗೆಲ್ಲ ಒಂದು ರಾಷ್ಟ್ರೀಯ ಆಯೋಗದ ಕಾಯ್ದೆ ಬಂದಿದೆ, ಬೇರು ಬಿಡೋಕೆ ಟೈಮು ಬೇಕು.

ತಮ್ಮ: ಹಾಗಾದ್ರೆ ಆರ್‌ಸಿಐ ಇಲ್ಲದವರೆಲ್ಲ ಬೋಗಸ್ಸಾ?

ಅಕ್ಕ: ಅಲ್ಲವೇ ಅಲ್ಲ. ನಾನೇ ಆರ್‌ಸಿಐನ ಕ್ಲಿನಿಕಲ್ ಸೈಕಾಲಜಿಸ್ಟ್ ಅಲ್ಲ ಮಾರಾಯ! ಎಂ.ಎ. ಮಾಡಿ, ಒಳ್ಳೆಯವರ ಕೈಯಲ್ಲಿ ಪಳಗಿದ ಕೌನ್ಸೆಲರ್‌ಗಳನ್ನ ಬೇಕಾದಷ್ಟು ನೋಡಿದ್ದೀನಿ. ಅವರನ್ನ ಕೇಳಬೇಕಾದ ಪ್ರಶ್ನೆ ಒಂದೇ: ನಿಮ್ಮ ಕೆಲಸವನ್ನ ಮೇಲಿಂದ ನೋಡೋರು ಯಾರಿದ್ದಾರೆ? ಸೂಪರ್‌ವಿಷನ್ ಅಂತೀವಿ ಅದಕ್ಕೆ. ತನಗಿಂತ ಅನುಭವ ಇರೋರ ಮುಂದೆ ತನ್ನ ಕೇಸುಗಳನ್ನ, ಹೆಸರು ಮರೆಮಾಡಿ, ಇಟ್ಟು ತಪ್ಪು ಒಪ್ಪು ಕೇಳೋದು. ಇದನ್ನ ಕೇಳಿದ್ರೆ ಒಳ್ಳೆ ಕೌನ್ಸೆಲರ್‌ಗೆ ಖುಷಿಯಾಗುತ್ತೆ, ಪೊಳ್ಳು ಇದ್ದವರಿಗೆ ಮುಖ ಸಣ್ಣದಾಗುತ್ತೆ. ಆ ವ್ಯಕ್ತಿ ಯಾರಿಗೆ ಜವಾಬ್ದಾರ ಅಂತ ನಿನಗೆ ಗೊತ್ತಾಗಬೇಕು. ಪರಿಷತ್ತೋ, ಆಸ್ಪತ್ರೆಯೋ, ಗುರುವೋ, ಯಾರೋ ಒಬ್ಬರು ಇರಬೇಕು. ಯಾರಿಗೂ ಅಲ್ಲದವರ ಹತ್ರ ಹೋಗಬೇಡ.

ತಮ್ಮ: ಮುಖಕ್ಕೆ ಮುಖ ಇಟ್ಟು ‘ನಿಮ್ಮ ಡಿಗ್ರಿ ಏನು’ ಅಂತ ಕೇಳೋದಾ? ಡಾಕ್ಟ್ರ ಮುಂದೆ ನಾನು ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ ಅಂತ ಕೇಳೋಕೂ ಹಿಂದೆಮುಂದೆ ನೋಡೋನು.

ಅಕ್ಕ: ಅದಕ್ಕೇ ಈಗ ಅಭ್ಯಾಸ ಮಾಡು. ನಾನು ಕೌನ್ಸೆಲರ್, ನೀನು ಮೊದಲ ಸಲ ಫೋನ್ ಮಾಡಿದ್ದೀಯ. ಬಹಳ ಜನ ಹದಿನೈದು ಇಪ್ಪತ್ತು ನಿಮಿಷದ ಪರಿಚಯದ ಮಾತಿಗೆ ದುಡ್ಡು ತಗೊಳ್ಳಲ್ಲ. ಹಲೋ, ನಮಸ್ತೆ ಸರ್, ಹೇಳಿ.

ತಮ್ಮ: ನಮಸ್ಕಾರ ಮೇಡಂ… ತಪ್ಪು ತಿಳ್ಕೋಬೇಡಿ, ಸುಮ್ನೆ ಒಂದು ಮಾತು ಕೇಳೋಣ ಅಂತ…

ಅಕ್ಕ: ‘ತಪ್ಪು ತಿಳ್ಕೋಬೇಡಿ’ ಬೇಡ. ಮೊದಲಿಂದ.

ತಮ್ಮ: ನಮಸ್ಕಾರ. ನೀವು ಏನು ಓದಿದ್ದೀರಿ, ಎಲ್ಲಿ ಓದಿದ್ದೀರಿ?

ಅಕ್ಕ: ನಾನು ಸರ್ಟಿಫೈಡ್ ಮೈಂಡ್ ಹೀಲರ್ ಸರ್. ಹನ್ನೆರಡು ವರ್ಷದ ಅನುಭವ. ಮೂರೇ ಸೆಷನ್‌ನಲ್ಲಿ ಬೇರುಸಮೇತ ಹೋಗುತ್ತೆ, ಗ್ಯಾರಂಟಿ. ಹತ್ತು ಸೆಷನ್ ಪ್ಯಾಕೇಜ್ ತಗೊಂಡ್ರೆ ನಲವತ್ತು ಪರ್ಸೆಂಟ್ ಆಫ್, ಇವತ್ತು ರಾತ್ರಿ ಹನ್ನೆರಡರ ತನಕ.

ತಮ್ಮ: ಮೂರಕ್ಕೇ ಹೋಗೋದಾದ್ರೆ ಹತ್ತು ಯಾಕೆ ಕೊಳ್ಳಬೇಕು ಮೇಡಂ?

ಅಕ್ಕ: ಅರ್ಥಶಾಸ್ತ್ರದ ಮೇಷ್ಟ್ರಿಗೆ ನೂರಕ್ಕೆ ನೂರು. ನೋಡು, ನಾನು ಹೇಳಿದ್ದರಲ್ಲಿ ಇವೆಲ್ಲ ಇತ್ತು: ಓದಿನ ಪ್ರಶ್ನೆಗೆ ಉತ್ತರ ಕೊಡಲಿಲ್ಲ, ನಿನ್ನ ಕಷ್ಟ ಕೇಳೋಕೆ ಮುಂಚೆ ವಾಸಿ ಮಾಡಿಬಿಟ್ಟೆ, ಆಮೇಲೆ ಗಡಿಬಿಡಿ ಮಾಡಿದೆ. ಗ್ಯಾರಂಟಿ ಅನ್ನೋ ಮಾತು ಬಂದ ತಕ್ಷಣ ಫೋನ್ ಇಡಬಹುದು. ಇನ್ನೊಂದು, ಮಾತಿನ ಮಧ್ಯೆ ‘ನನ್ನ ಹತ್ರ ಒಬ್ಬ ದೊಡ್ಡ ಅಧಿಕಾರಿ ಬರ್ತಾರೆ, ಅವರಿಗೂ ಹೀಗೇ’ ಅಂತ ಶುರು ಮಾಡಿದ್ರೆ, ನಾಳೆ ಇನ್ನೊಬ್ಬರ ಮುಂದೆ ‘ಒಬ್ಬ ಲೆಕ್ಚರರ್ ಬರ್ತಾರೆ’ ಅಂತ ನಿನ್ನ ಕಥೆ ಹೋಗುತ್ತೆ. ಈಗ ಪಾತ್ರ ಬದಲಾಯಿಸ್ತೀನಿ, ಒಳ್ಳೆಯವಳಾಗ್ತೀನಿ. ಕೇಳು.

ತಮ್ಮ: ಮೇಡಂ, ನನಗೆ ಪ್ಯಾನಿಕ್ ಅಟ್ಯಾಕ್ ಇರಬಹುದು ಅಂತ ಅನುಮಾನ. ಇಂಥದ್ದಕ್ಕೆ ನೀವು ಏನು ಮಾಡ್ತೀರಿ?

ಅಕ್ಕ: ಮೊದಲು ಒಂದೆರಡು ಸೆಷನ್ ನಿಮ್ಮ ಪೂರ್ತಿ ವಿಷಯ ಕೇಳ್ತೀನಿ. ಅದು ಪ್ಯಾನಿಕ್ಕೇ ಹೌದಾ ಅಂತ ನೋಡಬೇಕು. ಮಾತ್ರೆ ಬೇಕು ಅನ್ನಿಸಿದ್ರೆ ಮನೋವೈದ್ಯರ ಹತ್ರ ಕಳಿಸ್ತೀನಿ. ಪ್ಯಾನಿಕ್ ಆಗಿದ್ರೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಅಂತ ಒಂದು ಕ್ರಮ ಇದೆ, ಸಾಮಾನ್ಯವಾಗಿ ಹತ್ತು ಹನ್ನೆರಡು ವಾರ ಹಿಡಿಯುತ್ತೆ. ಮನೆಗೆಲಸ ಕೊಡ್ತೀನಿ, ನೀವು ಮಾಡಬೇಕು. ನಾಲ್ಕೈದು ವಾರ ಆದ ಮೇಲೆ ಇಬ್ಬರೂ ಕೂತು ನೋಡೋಣ, ಪ್ರಯೋಜನ ಆಗ್ತಿಲ್ಲ ಅಂದ್ರೆ ಬೇರೆಯವರ ಹೆಸರು ಕೊಡ್ತೀನಿ. ಇನ್ನೊಂದು ಸರ್, ಸೆಷನ್ ಟೈಮಲ್ಲಿ ನೀವು ಎಲ್ಲಿ ಕೂತಿರ್ತೀರಿ ಅನ್ನೋ ವಿಳಾಸ ಬೇಕು, ತುರ್ತು ಬಂದ್ರೆ ಫೋನ್ ಮಾಡೋಕೆ ಮನೆಯವರ ಒಂದು ನಂಬರ್ ಬೇಕು.

ತಮ್ಮ: ಅದ್ಯಾಕೆ? ಗುಟ್ಟಾಗಿರಲಿ ಅಂತ ತಾನೇ ಆನ್‌ಲೈನ್‌ಗೆ ಬರೋದು.

ಅಕ್ಕ: ಇದು ಪಾತ್ರದಿಂದ ಹೊರಗೆ ಬಂದು ಹೇಳಬೇಕಾದದ್ದು. ಬೆಂಗಳೂರಲ್ಲಿ ಕೂತವರಿಗೆ ಕೊಪ್ಪದಲ್ಲಿ ನಿನಗೇನಾದ್ರೂ ಆದ್ರೆ ಎದ್ದು ಬರೋಕೆ ಆಗಲ್ಲ. ಹಾಗಾಗಿ ವಿಳಾಸ, ಒಂದು ನಂಬರು ಮೊದಲೇ ತಗೊಂಡಿರ್ತಾರೆ. ಅದನ್ನ ಕೇಳದವರು ನಿನ್ನ ಗುಟ್ಟು ಕಾಯ್ತಾ ಇಲ್ಲ, ತಮ್ಮ ಕೆಲಸದ ಬಗ್ಗೆ ಯೋಚಿಸಿಲ್ಲ. ಗುಟ್ಟಿನ ವಿಷಯಕ್ಕೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇದೆ, ಅದರ 23ನೇ ಸೆಕ್ಷನ್ನು ಇರೋದೇ ಗೌಪ್ಯತೆಯ ಹಕ್ಕಿಗೆ. ನಿನ್ನ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯ ಇದ್ದಾಗ, ಕೋರ್ಟು ಕೇಳಿದಾಗ, ಹೀಗೆ ಕೆಲವು ಸಂದರ್ಭ ಬಿಟ್ಟು. ಆ ಸಂದರ್ಭಗಳು ಯಾವುವು ಅಂತ ಮೊದಲ ದಿನವೇ ಹೇಳೋರು ಒಳ್ಳೆಯವರು.

ತಮ್ಮ: ಆಪ್‌ನವರು? ಅವರೂ ಗುಟ್ಟು ಕಾಯ್ತಾರಾ?

ಅಕ್ಕ: ಅಲ್ಲಿ ನನಗೆ ಅಷ್ಟು ನಂಬಿಕೆ ಇಲ್ಲ. ಅಮೆರಿಕದಲ್ಲಿ ಬೆಟರ್‌ಹೆಲ್ಪ್ ಅಂತ ಬಹಳ ದೊಡ್ಡ ಆನ್‌ಲೈನ್ ಥೆರಪಿ ಕಂಪನಿ ಇದೆ. ಗ್ರಾಹಕರ ಇಮೇಲು, ಅವರು ತುಂಬಿದ ಪ್ರಶ್ನಾವಳಿಯ ಮಾಹಿತಿ, ಇವನ್ನ ಜಾಹೀರಾತಿಗೋಸ್ಕರ ಫೇಸ್‌ಬುಕ್ಕು, ಸ್ನ್ಯಾಪ್‌ಚಾಟ್‌ನಂಥವರಿಗೆ ಕೊಟ್ಟಿದೆ ಅಂತ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಹಿಡಿದು ಹಾಕಿತು. 2023ರಲ್ಲಿ 78 ಲಕ್ಷ ಡಾಲರ್ ಕಟ್ಟೋ ಒಪ್ಪಂದ ಆಯ್ತು. ಫಿನ್‌ಲೆಂಡಿನದು ಇನ್ನೂ ಕೆಟ್ಟದು. ವಸ್ತಾಮೊ ಅಂತ ಮನೋಚಿಕಿತ್ಸಾ ಕೇಂದ್ರಗಳ ಸರಣಿ. ಅವರ ಕಂಪ್ಯೂಟರಿಗೆ ಕನ್ನ ಹಾಕಿದವನು ಥೆರಪಿಸ್ಟ್‌ಗಳು ಬರೆದಿಟ್ಟ ಟಿಪ್ಪಣಿಗಳನ್ನೇ ಕದ್ದ. 2020ರಲ್ಲಿ ಒಬ್ಬೊಬ್ಬ ರೋಗಿಗೂ ಇಮೇಲು: ದುಡ್ಡು ಕೊಡಿ, ಇಲ್ಲಾ ನೀವು ಹೇಳಿಕೊಂಡದ್ದನ್ನೆಲ್ಲ ಊರಿಗೆ ಹಾಕ್ತೀನಿ ಅಂತ. ಸಾವಿರಾರು ಜನ. ಅವನಿಗೆ 2024ರಲ್ಲಿ ಶಿಕ್ಷೆ ಆಯ್ತು, ಆದ್ರೆ ಹೊರಗೆ ಬಿದ್ದ ಮಾತು ವಾಪಸ್ ಹೋಗುತ್ತಾ?

ತಮ್ಮ: ಇದನ್ನ ಕೇಳಿದ ಮೇಲೆ ಮಂಗಳವಾರದ ಬೆಂಚೇ ವಾಸಿ ಅನ್ನಿಸ್ತಿದೆ.

ಅಕ್ಕ: ಯಾವ ಬೆಂಚು?

ತಮ್ಮ: ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಜಿಲ್ಲೆಯಿಂದ ಮನೋವೈದ್ಯರು ಬರ್ತಾರಲ್ಲ, ಮನೋಚೈತನ್ಯ ಅಂತ. ಒಂದಿನ ಹೋಗಿದ್ದೆ. ಹೊರಗೆ ಬೆಂಚಿನ ಮೇಲೆ ನನ್ನ ವಿದ್ಯಾರ್ಥಿಯೊಬ್ಬಳ ಅಪ್ಪ ಕೂತಿದ್ದರು. ಬಿ.ಪಿ. ತೋರಿಸೋಕೆ ಬಂದವನ ಹಾಗೆ ಆ ಕಡೆ ತಿರುಗಿ ಬಂದುಬಿಟ್ಟೆ.

ಅಕ್ಕ: ಅವರೂ ಅದಕ್ಕೇ ಬಂದಿದ್ದರಲ್ಲೋ! ಅವರು ನಿನ್ನನ್ನ ನೋಡಿ ಮುಖ ಯಾವ ಕಡೆ ತಿರುಗಿಸಿದರೋ. ಆ ಬೆಂಚು ಸುಮ್ಮನೆ ಬಂದದ್ದಲ್ಲ ಕಣೋ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರಿಗೆ, ಮನೆಮನೆಗೆ ಹೋಗೋ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮನೋರೋಗದ ಚಿಕಿತ್ಸೆ ಹಳ್ಳಿಯಲ್ಲೇ ಆಗುತ್ತೆ ಅಂತ ತೋರಿಸಿದ್ರು. ಅದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯ್ತು. ಅಷ್ಟಾದ್ರೂ ಜನ ಹೋಗಲ್ಲ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಆ ಹೊತ್ತಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ತೊಂದರೆ ಇದ್ದವರಲ್ಲಿ, ಯಾವ ಕಾಯಿಲೆ ಅನ್ನೋದರ ಮೇಲೆ, ನೂರಕ್ಕೆ 70ರಿಂದ 92 ಮಂದಿ ಚಿಕಿತ್ಸೆಯೇ ಕಂಡಿರಲಿಲ್ಲ. ಹನ್ನೆರಡು ರಾಜ್ಯ ಸುತ್ತಿದ ಆ ಸಮೀಕ್ಷೆಯಲ್ಲಿ ಕರ್ನಾಟಕ ಇರಲಿಲ್ಲ ಅನ್ನೋದು ತಮಾಷೆ; ಪೂರ್ವತಯಾರಿಗೆ ಕೋಲಾರದಲ್ಲಿ ಮಾಡಿ ನೋಡಿದ್ರು, ಅಷ್ಟೇ.

ತಮ್ಮ: ಬೆಂಚಿನ ಮೇಲೆ ಕೂರಬೇಕಾ ಹಾಗಾದ್ರೆ?

ಅಕ್ಕ: ಒಂದು ಸಲ ಕೂರು ಅಂತೀನಿ. ಆ ಮಾತ್ರೆಯ ವಿಷಯಕ್ಕಾದ್ರೂ. 2020ರ ಮಾರ್ಚ್‌ನಲ್ಲಿ, ಲಾಕ್‌ಡೌನ್ ಶುರುವಾದ ದಿನವೇ, ಕೇಂದ್ರ ಸರ್ಕಾರದ ಟೆಲಿಮೆಡಿಸಿನ್ ಮಾರ್ಗಸೂಚಿ ಬಂತು. ಮನೋವೈದ್ಯರು ವಿಡಿಯೋದಲ್ಲಿ ನೋಡಿ ಬಹಳಷ್ಟು ಔಷಧಿ ಬರೆಯಬಹುದು. ಆದ್ರೆ ಅಭ್ಯಾಸ ಹಿಡಿಸೋ ಗುಂಪಿನ ಎಷ್ಟೋ ಮಾತ್ರೆಗಳಿಗೆ ಅದರಲ್ಲಿ ನಿರ್ಬಂಧ ಇದೆ. ಹಾಗಾಗಿ ಯಾರೋ ಆನ್‌ಲೈನ್‌ನವರು ಸಲೀಸಾಗಿ ನಿದ್ದೆ ಮಾತ್ರೆ ಕೊರಿಯರ್ ಮಾಡ್ತೀನಿ ಅಂದ್ರೆ ಅಲ್ಲೇ ಅನುಮಾನ ಪಡು. ಒಂದು ಸಲ ನೇರವಾಗಿ ತೋರಿಸಿ, ಮಾತಿನ ಚಿಕಿತ್ಸೆ ಆನ್‌ಲೈನ್‌ನಲ್ಲಿ ಮಾಡು. ಎರಡೂ ಒಬ್ಬರೇ ಮಾಡಬೇಕು ಅಂತೇನಿಲ್ಲ.

ತಮ್ಮ: 14416 ಅಂತ ಒಂದು ನಂಬರ್ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿದೆ. ಮಕ್ಕಳಿಗೆ ನಾನೇ ಹೇಳ್ತೀನಿ, ಫೋನ್ ಮಾಡಿ ಅಂತ.

ಅಕ್ಕ: ಮೇಷ್ಟ್ರು ಮಾಡಿಲ್ಲ.

ತಮ್ಮ: ಮಾಡಿಲ್ಲ.

ಅಕ್ಕ: ಟೆಲಿ-ಮಾನಸ್ ಅದು. 2022ರ ಅಕ್ಟೋಬರ್ 10ಕ್ಕೆ, ವಿಶ್ವ ಮಾನಸಿಕ ಆರೋಗ್ಯ ದಿನದಂದು ಶುರುವಾಯ್ತು. ನಿಮ್ಹಾನ್ಸ್ ಅದಕ್ಕೆ ಮುಖ್ಯ ಕೇಂದ್ರ. ಹಗಲು ರಾತ್ರಿ ಇರುತ್ತೆ, ಬಿಟ್ಟಿ, ಕನ್ನಡದಲ್ಲಿ ಮಾತಾಡ್ತಾರೆ. ತರಬೇತಿಯಾದ ಆಪ್ತಸಮಾಲೋಚಕರು ಎತ್ತಿಕೊಳ್ತಾರೆ, ಬೇಕಾದ್ರೆ ತಜ್ಞರಿಗೆ ದಾಟಿಸ್ತಾರೆ. ಪ್ರತಿ ಸಲ ಅದೇ ವ್ಯಕ್ತಿ ಸಿಗ್ತಾರೆ ಅಂತ ಹೇಳೋಕಾಗಲ್ಲ, ಹಾಗಾಗಿ ವಾರ ವಾರ ಒಬ್ಬರ ಜೊತೆ ನಡೆಸೋ ಥೆರಪಿಗೆ ಅದು ಬದಲಿ ಅಲ್ಲ. ಆದ್ರೆ ರಾತ್ರಿ ಎರಡು ಗಂಟೆಗೆ ಎದೆ ಹೊಡೆದುಕೊಳ್ಳೋವಾಗ ವಾರದ ಅಪಾಯಿಂಟ್‌ಮೆಂಟ್ ಇಟ್ಕೊಂಡು ಏನು ಮಾಡ್ತೀಯ?

ತಮ್ಮ: ರಾತ್ರಿ ಎರಡಕ್ಕೆ… ನಗಬೇಡ. ಎಐ ಜೊತೆ ಮಾತಾಡ್ತೀನಿ. ಬಹಳ ತಾಳ್ಮೆಯಿಂದ ಕೇಳುತ್ತೆ.

ಅಕ್ಕ: ನಾನ್ಯಾಕೆ ನಗಲಿ? 1966ರಲ್ಲಿ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ಅನ್ನೋರು ಎಲಿಜಾ ಅಂತ ಒಂದು ಪ್ರೋಗ್ರಾಂ ಪ್ರಕಟಿಸಿದ್ರು. ನಾವು ಹೇಳಿದ ವಾಕ್ಯವನ್ನೇ ತಿರುಗಿಸಿ ಪ್ರಶ್ನೆ ಮಾಡೋದು, ಅಷ್ಟೇ ಅದರ ವಿದ್ಯೆ. ಅವರ ಸೆಕ್ರೆಟರಿ, ಅದು ತಯಾರಾಗೋದನ್ನ ಕಣ್ಣಾರೆ ನೋಡಿದವಳು, ಒಂದೆರಡು ಮಾತು ಟೈಪ್ ಮಾಡಿದ ಮೇಲೆ, ‘ನೀವು ಸ್ವಲ್ಪ ಹೊರಗೆ ಹೋಗ್ತೀರಾ’ ಅಂದಳಂತೆ. ಮನುಷ್ಯನಿಗೆ ಕೇಳೋ ಕಿವಿ ಬೇಕು. ಈಗಿನದು ಎಲಿಜಾಗಿಂತ ಎಷ್ಟೋ ಜಾಣ. ನನ್ನ ತಕರಾರು ಏನಂದ್ರೆ, ಅದು ನಿನ್ನ ಮಾತಿಗೆ ಬೇಗ ಹೂಂ ಅನ್ನುತ್ತೆ. ‘ಕಾರು ಓಡಿಸೋದು ಬಿಡಲಾ’ ಅಂತ ನೀನು ಕೇಳಿರ್ತೀಯ, ‘ನಿಮಗೆ ಹಿತ ಅನ್ನಿಸಿದ್ದನ್ನ ಮಾಡಿ’ ಅಂದಿರುತ್ತೆ.

ತಮ್ಮ: ಹೆಚ್ಚುಕಡಿಮೆ ಹಾಗೇ ಅಂತು.

ಅಕ್ಕ: ಪ್ಯಾನಿಕ್‌ಗೆ ಅದು ತಪ್ಪು ದಾರಿ. ಹೆದರಿದ ಜಾಗ ಬಿಡ್ತಾ ಹೋದಷ್ಟೂ ಹೆದರಿಕೆಗೆ ಜಾಗ ಹೆಚ್ಚುತ್ತೆ. ಥೆರಪಿಸ್ಟ್ ಉಲ್ಟಾ ಮಾಡಿಸ್ತಾರೆ. ಕುರ್ಚಿಯಲ್ಲಿ ಗಿರಗಿರ ತಿರುಗಿ ಅಂತಾರೆ, ಮೆಟ್ಟಿಲು ಹತ್ತಿ ಇಳಿಯಿರಿ ಅಂತಾರೆ, ಬೇಕಂತಲೇ ಎದೆಬಡಿತ ಏರಿಸ್ತಾರೆ. ಏರುತ್ತೆ, ಇಳಿಯುತ್ತೆ, ಸಾಯಲ್ಲ ಅಂತ ಮೈಗೆ ಗೊತ್ತಾಗೋ ತನಕ. ಆಮೇಲೆ ಗೇಟಿನ ತನಕ ಕಾರು, ಆಮೇಲೆ ಬಸ್‌ಸ್ಟ್ಯಾಂಡಿನ ತನಕ. ಹಾರ್ಟ್ ಸರಿ ಇದೆ ಅಂತ ಮೊದಲೇ ನೋಡಿಸಿದ್ದೀಯಲ್ಲ, ಆ ದುಡ್ಡು ದಂಡ ಆಗಿಲ್ಲ. ಇದನ್ನೆಲ್ಲ ವಿಡಿಯೋದಲ್ಲಿ ಚೆನ್ನಾಗೇ ಮಾಡಬಹುದು. ಅಲ್ಲೇ ನಿಮ್ಮ ಮನೆ ಮೆಟ್ಟಿಲು, ನಿಮ್ಮ ಗೇಟು.

ತಮ್ಮ: ನ್ಯೂಜೆರ್ಸಿಯಲ್ಲಿರೋ ಅತ್ತೆ ಮಗಳು ಹೇಳಿದ್ಲು, ಅವಳ ಥೆರಪಿಸ್ಟ್ ಬಹಳ ಚೆನ್ನಾಗಿದ್ದಾರಂತೆ, ವಿಡಿಯೋ ತಾನೇ, ನೀನೂ ಅವರನ್ನೇ ಮಾಡು ಅಂತ.

ಅಕ್ಕ: ಅಲ್ಲಿ ಲೈಸೆನ್ಸು ರಾಜ್ಯ ರಾಜ್ಯಕ್ಕೆ ಬೇರೆ, ಲೆಕ್ಕಕ್ಕೆ ಬರೋದು ರೋಗಿ ಕೂತಿರೋ ಜಾಗ. ಅವಳೇ ಕ್ಯಾಲಿಫೋರ್ನಿಯಾಗೆ ಮನೆ ಬದಲಾಯಿಸಿದ್ರೆ ಅವರು ಮುಂದುವರಿಸೋಕೆ ಆಗದೇ ಇರಬಹುದು, ಇನ್ನು ಕೊಪ್ಪಕ್ಕೆ ಎಲ್ಲಿಂದ? ಅಲ್ಲದೆ ನಿನಗೆ ಕನ್ನಡದವರು ಬೇಕು. ಆಪ್‌ನಲ್ಲಿ ಭಾಷೆ ಕನ್ನಡ ಅಂತ ಹಾಕಿಕೊಂಡವರೆಲ್ಲ ಕನ್ನಡದಲ್ಲಿ ಅಳೋರ ಮುಂದೆ ಕೂತಿರಲ್ಲ. ‘ಸೆಷನ್ ಪೂರ್ತಿ ಕನ್ನಡದಲ್ಲೇ ನಡೆಸ್ತೀರಾ’ ಅಂತ ಕೇಳು, ಪರಿಚಯದ ಕರೆಯನ್ನೂ ಕನ್ನಡದಲ್ಲೇ ಮಾಡು. ಬೆಂಗಳೂರಿನವರೇ ಆಗಬೇಕು ಅಂತಿಲ್ಲ, ಧಾರವಾಡ, ಮಂಗಳೂರು, ಮೈಸೂರು, ಎಲ್ಲಿಯವರಾದ್ರೂ ಸೈ.

ತಮ್ಮ: ಅಪ್ಪನ ಕಪಾಟಿನಲ್ಲಿ ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕ ಸಾಲಾಗಿ ಇವೆ. ಮೊನ್ನೆ ತೆಗೆದು ಓದ್ತಿದ್ದೆ.

ಅಕ್ಕ: ಅವರಿಗೆ 2024ರಲ್ಲಿ ಪದ್ಮಶ್ರೀ ಬಂದಾಗ ಅಪ್ಪ ಫೋನ್ ಮಾಡಿದ್ದರು, ತಮಗೇ ಬಂದ ಹಾಗೆ. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದುಕೊಂಡು ಕನ್ನಡದಲ್ಲಿ ಅಷ್ಟು ಬರೆದವರು ಇನ್ನೊಬ್ಬರಿಲ್ಲ. ಹೋಗಲಿ, ಒಂದು ವಿಷಯ ನೇರವಾಗಿ ಕೇಳ್ತೀನಿ. ಸಾಯಬೇಕು ಅಂತ ಅನ್ನಿಸಿದೆಯಾ?

ತಮ್ಮ: ಅಕ್ಕಾ…

ಅಕ್ಕ: ಕೇಳಿದ್ರೆ ಆ ಯೋಚನೆ ತಲೆಗೆ ಹೊಕ್ಕುಬಿಡುತ್ತೆ ಅಂತ ಜನ ಹೆದರ್ತಾರೆ, ಹಾಗಾಗಲ್ಲ. ಹೇಳು.

ತಮ್ಮ: ಇಲ್ಲ. ಸತ್ತುಬಿಡ್ತೀನಿ ಅನ್ನೋ ಹೆದರಿಕೆಯೇ ಇದೆಯಲ್ಲ, ಇನ್ನು ಸಾಯೋ ಆಸೆ ಎಲ್ಲಿಂದ? ಬದುಕಿ ಏನು ಅಂತ ಒಂದೆರಡು ಸಲ ಅನ್ನಿಸಿದ್ದಿದೆ. ಅಷ್ಟೇ.

ಅಕ್ಕ: ಅದನ್ನೂ ಅವರಿಗೆ ಹೇಳಬೇಕು, ‘ಅಷ್ಟೇ’ ಅಂತ ಒರೆಸಿಹಾಕಬಾರದು. ಮುಂದೆ ಯಾವತ್ತಾದ್ರೂ ಅದಕ್ಕಿಂತ ಹೆಚ್ಚಾದ್ರೆ ಲ್ಯಾಪ್‌ಟಾಪ್ ತೆಗೀತಾ ಕೂರಬೇಡ, ನಿನ್ನ ಹೆಂಡತಿಗೆ ಹೇಳು, ನನಗೆ ಹೇಳು, ಆಸ್ಪತ್ರೆಗೆ ಹೋಗು, 108ಕ್ಕೆ ಮಾಡು. ಇಲ್ಲದ ದನಿ ಕೇಳೋದು, ಕುಡಿತ ಬಿಟ್ಟಾಗ ಬರೋ ನಡುಕ, ಊಟ ನಿದ್ದೆ ಪೂರ್ತಿ ಬಿಟ್ಟವರು, ಹೊಡೆಯೋ ಗಂಡ ಪಕ್ಕದ ಕೋಣೆಯಲ್ಲೇ ಇರೋ ಹೆಂಗಸು, ಇವರಿಗೆಲ್ಲ ಪರದೆ ಸಾಲಲ್ಲ. ಅಂದ ಹಾಗೆ, ನೀನು ಎಲ್ಲಿ ಕೂತು ಮಾತಾಡ್ತೀಯ?

ತಮ್ಮ: ಅದೇ ಕಷ್ಟ. ನಮ್ಮ ಮನೆ ಗೊತ್ತಲ್ಲ, ಮರದ ಮುಚ್ಚಿಗೆ. ಮಹಡಿಯಲ್ಲಿ ಕೆಮ್ಮಿದ್ರೆ ಅಡುಗೆಮನೆಯಿಂದ ಅಮ್ಮ ಕಷಾಯ ತರ್ತಾಳೆ. ಇಯರ್‌ಫೋನ್ ಹಾಕಿದ್ರೆ ಅವರು ಹೇಳೋದು ಕೇಳಲ್ಲ, ನಾನು ಹೇಳೋದು ಊರಿಗೆಲ್ಲ ಕೇಳುತ್ತೆ. ಕಾಲೇಜು ಬಿಟ್ಟ ಮೇಲೆ ಸ್ಟಾಫ್ ರೂಮು ಖಾಲಿ ಇರುತ್ತೆ, ಅಟೆಂಡರ್ ಐದಕ್ಕೆ ಬೀಗ ಹಾಕ್ತಾನೆ.

ಅಕ್ಕ: ಕಾರಿನಲ್ಲಿ ಕೂರು.

ತಮ್ಮ: ಕಾರಿನಲ್ಲೇ ತಾನೇ ಬರೋದು ಅದು!

ಅಕ್ಕ: ನಿಲ್ಲಿಸಿದ ಕಾರಿನಲ್ಲಿ ಕಣೋ. ಕಾಲೇಜಿನ ಗ್ರೌಂಡಿನ ಪಕ್ಕ, ಸಿಗ್ನಲ್ ಚೆನ್ನಾಗಿ ಬರೋ ಕಡೆ. ಬೆಂಗಳೂರಲ್ಲಿ ಎಷ್ಟೋ ಜನ ಆಫೀಸಿನ ಬೇಸ್‌ಮೆಂಟಿನಲ್ಲಿ ಕಾರೊಳಗೆ ಕೂತೇ ಥೆರಪಿ ತಗೊಳ್ತಾರೆ. ಮಳೆಗಾಲದಲ್ಲಿ ಲೈನು ಕಟ್ಟಾದ್ರೆ ಯಾರು ಯಾರಿಗೆ ಮಾಡೋದು, ವಿಡಿಯೋ ಹೋದ್ರೆ ಬರೀ ಫೋನಿನಲ್ಲಿ ಮುಂದುವರಿಸೋದಾ, ಆ ನಿಮಿಷಗಳು ಯಾರ ಲೆಕ್ಕಕ್ಕೆ, ಇದನ್ನೂ ಮೊದಲೇ ಮಾತಾಡಿಕೋ.

ತಮ್ಮ: ಫೀಸು? ಆಪ್‌ನಲ್ಲಿ ಎಂಟುನೂರರಿಂದ ಎರಡೂವರೆ ಸಾವಿರದ ತನಕ ನೋಡಿದೆ, ಮುಕ್ಕಾಲು ಗಂಟೆಗೆ.

ಅಕ್ಕ: ಹೆಚ್ಚು ತಗೊಳ್ಳೋರು ಹೆಚ್ಚು ಒಳ್ಳೆಯವರು ಅಂತ ಏನಿಲ್ಲ. ಹತ್ತು ಹನ್ನೆರಡು ವಾರಕ್ಕೆ ನಿನ್ನ ಕೈಲಿ ಎಷ್ಟಾಗುತ್ತೆ ಅಂತ ಗುಣಿಸಿ ನೋಡಿಕೊಂಡು ಹುಡುಕು. ಎರಡಕ್ಕೆ ದುಡ್ಡು ಮುಗಿದು ನಿಲ್ಲಿಸೋದಕ್ಕಿಂತ ಕಡಿಮೆ ಫೀಸಿನವರ ಹತ್ರ ಪೂರ್ತಿ ಹೋಗೋದು ಮೇಲು. ‘ಇಷ್ಟು ಕೊಡೋಕಾಗಲ್ಲ, ಕಡಿಮೆ ಮಾಡ್ತೀರಾ’ ಅಂತ ಕೇಳಬಹುದು, ಬಹಳ ಜನ ಅದಕ್ಕೇ ಅಂತ ಒಂದೆರಡು ಜಾಗ ಇಟ್ಟಿರ್ತಾರೆ. ಇನ್ಶೂರೆನ್ಸ್ ನಂಬಿಕೊಳ್ಳಬೇಡ. 2017ರ ಕಾಯ್ದೆ ಮೈಯ ಕಾಯಿಲೆಗೂ ಮನಸ್ಸಿನ ಕಾಯಿಲೆಗೂ ವಿಮೆಯಲ್ಲಿ ಭೇದ ಮಾಡಬೇಡಿ ಅನ್ನುತ್ತೆ, ಆದ್ರೆ ನಮ್ಮ ಪಾಲಿಸಿಗಳು ಹೆಚ್ಚಿನವು ಅಡ್ಮಿಟ್ ಆದ್ರೆ ಮಾತ್ರ ಕೊಡೋವು.

ತಮ್ಮ: ಗೊತ್ತಾಯ್ತು. ಮೂರು ಹೆಸರು ಆರಿಸಿಟ್ಟಿದ್ದೀನಿ, ಆರ್‌ಸಿಐ ಪಟ್ಟಿಯಲ್ಲಿ ನೋಡ್ತೀನಿ. ಮೂವರ ಜೊತೆಗೂ ಮಾತಾಡಿ ಒಬ್ಬರನ್ನ ಇಟ್ಕೊಳ್ಳೋದು ಸರಿಯಾ? ಉಳಿದಿಬ್ಬರಿಗೆ ಬೇಜಾರಾಗಲ್ವಾ?

ಅಕ್ಕ: ಹೆಣ್ಣು ನೋಡಿ ಬಂದವರ ಹಾಗೆ ಉತ್ತರ ಹೇಳದೆ ಕಾಯಿಸಬೇಡ, ಅಷ್ಟೇ. ‘ಬೇರೆಯವರ ಹತ್ರ ಹೋಗ್ತಿದ್ದೀನಿ, ವಂದನೆಗಳು’ ಅಂತ ಒಂದು ಸಾಲು ಹಾಕು, ಅವರಿಗೆ ಇದು ದಿನನಿತ್ಯದ್ದು. ಈಗ ಒಬ್ಬರಿಗೆ ಮೆಸೇಜ್ ಬರಿ, ನನಗೆ ಓದಿ ಹೇಳು.

ತಮ್ಮ: ಬರೆದಿದ್ದೀನಿ. ‘ನಮಸ್ಕಾರ. ನನಗೆ 46 ವರ್ಷ, ಉಪನ್ಯಾಸಕ. ಒಂದು ವರ್ಷದಿಂದ ವಾಹನ ಓಡಿಸುವಾಗ ಎದೆಬಡಿತ, ಉಸಿರಾಟದ ತೊಂದರೆ ಬರುತ್ತಿದೆ. ಹೃದಯದ ಪರೀಕ್ಷೆಗಳು ಸರಿ ಇವೆ. ನಿದ್ದೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಕನ್ನಡದಲ್ಲಿ ಸೆಷನ್ ಬೇಕು. ನಿಮ್ಮ ವಿದ್ಯಾರ್ಹತೆ, ನೋಂದಣಿ ಸಂಖ್ಯೆ, ಶುಲ್ಕ ತಿಳಿಸಿ. ಪರಿಚಯದ ಕರೆಗೆ ಗುರುವಾರ ಸಂಜೆ ನಾಲ್ಕೂವರೆ ಆಗಬಹುದೇ?’

ಅಕ್ಕ: ಚೆನ್ನಾಗಿದೆ. ಒಂದು ವರ್ಷದ ಹಿಂದೆ ಏನಾಯ್ತು ಅಂತ ಹಾಕಿಲ್ಲ.

ತಮ್ಮ: ಮೆಸೇಜಿನಲ್ಲಿ ಬರೆಯೋ ವಿಷಯವಾ ಅದು? ಅಪ್ಪನ್ನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಆಗುಂಬೆ ಘಾಟಿ ಇಳಿದದ್ದು, ಮಣಿಪಾಲ ಸೇರೋ ಮುಂಚೆ… ನಿನಗೆ ಗೊತ್ತಲ್ಲ.

ಅಕ್ಕ: ಗೊತ್ತಿಲ್ಲ. ನೀನು ಯಾವತ್ತೂ ಪೂರ್ತಿ ಹೇಳಿಲ್ಲ.

ತಮ್ಮ: ನೀನು ಕೇಳಿರಲಿಲ್ಲ. ಮಾರನೇ ದಿನ ಬಂದೆ, ಹದಿಮೂರು ದಿನ ಇದ್ದೆ, ನೆಂಟರ ಊಟದ ಲೆಕ್ಕ ನೋಡಿದೆ, ವಾಪಸ್ ಹೋದೆ. ಆಸ್ಪತ್ರೆಯಲ್ಲಿ ಊರವರನ್ನೆಲ್ಲ ಕೇಳ್ತಿದ್ದವಳು.

ಅಕ್ಕ: ಹೌದು.

ತಮ್ಮ: ಹೇಳಬಾರದಿತ್ತು.

ಅಕ್ಕ: ಹೇಳಬೇಕಿತ್ತು. ನನ್ನ ಹತ್ರ ಹೇಳೋದು ಇನ್ನೂ ಇದೆ, ಅದಕ್ಕೆ ನಾನೇ ಊರಿಗೆ ಬರ್ತೀನಿ, ಫೋನಿನಲ್ಲಿ ಬೇಡ. ಆದ್ರೆ ಅಲ್ಲಿ ಹೇಳೋದನ್ನ ಅಲ್ಲೇ ಹೇಳು, ನನಗೆ ನೋವಾಗುತ್ತೆ ಅಂತ ಅರ್ಧ ಮಾಡಬೇಡ. ಮೆಸೇಜಿಗೆ ಒಂದೇ ಸಾಲು ಸೇರಿಸು: ‘ತಂದೆ ತೀರಿಕೊಂಡ ನಂತರ ಶುರುವಾಯಿತು.’ ಆ ಘಾಟಿಯ ವಿಷಯ ಅವರೇ ಕೇಳಿ ತಗೊಳ್ತಾರೆ.

ತಮ್ಮ: ಸೇರಿಸಿದೆ. ಮೂವರಲ್ಲಿ ಇವರೇ ಸರಿ ಅನ್ನಿಸ್ತಿದೆ ನನಗೆ, ಇವರ ಹೆಸರು…

ಅಕ್ಕ: ಬೇಡ. ನನಗೆ ಹೇಳಬೇಡ.

ತಮ್ಮ: ಸರಿ ಮಾರಾಯ್ತಿ. ಬೆಳಿಗ್ಗೆ ಕಳಿಸ್ತೀನಿ.

ಅಕ್ಕ: ಬೆಳಿಗ್ಗೆ ನಿನಗೆ ಎಂಟೂವರೆಗೆ ಕ್ಲಾಸು. ಈಗಲೇ ಕಳಿಸು, ನಾನು ಲೈನಿನಲ್ಲೇ ಇರ್ತೀನಿ.